ಮಳೆಯ ಲೆಕ್ಕವೂ ಅದರ ನಮೂನೆಯೂ

ಮಳೆಯ ಲೆಕ್ಕದಲ್ಲಿ ‘2’ ಎಂದು ಮಾತ್ರ ಬರೆದಿದ್ದರೆ ಅದು ಅಂಗುಲವೋ ಮಿಲಿಮೀಟರೋ ತಿಳಿಯುವ ಬಗೆ ಹೇಗೆ? ಒಂದು ಅಂಗುಲಕ್ಕೆ 25.4 ಮಿಲಿಮೀಟರು. ಎರಡಂಗುಲದ ಮಳೆಯಿಂದ ಬಿತ್ತನೆಗೆ ಹದ ಬರುವುದು. ಎರಡು ಮಿಲಿಮೀಟರಿನಿಂದ ದೂಳು ಅಡಗಿದರೆ ಹೆಚ್ಚು.

ಈಗ ಇಂತಹ ಅಂಕಿಗಳನ್ನು ಗಣಕಯಂತ್ರದ ಕಡತಗಳಲ್ಲಿ ಶೇಖರಿಸುವರು. ಹವಾಮಾನದ ಕಡತಗಳಿಗಾಗಿ ‘ಸಿ.ಎಫ್.’ ಎಂಬ ಕಟ್ಟಳೆಯ ಮೊದಲ ಆವೃತ್ತಿಯು 2003ರಲ್ಲಿ ಪ್ರಕಟವಾಯಿತು. ಅಳತೆಯ ಮಾನ, ಕಾಲ, ಸ್ಥಳ, ದೊರೆಯದ ಅಂಕಿಗೆ ಇಡತಕ್ಕ ಗುರುತು ಇವುಗಳನ್ನು ಬರೆಯುವ ಕ್ರಮವನ್ನು ಅದು ವಿಧಿಸುತ್ತದೆ. ಕಡತವು ಈ ಕಟ್ಟಳೆಗೆ ಒಪ್ಪುವುದೋ ಇಲ್ಲವೋ ಎಂಬುದನ್ನು ಯಂತ್ರದಿಂದಲೇ ಪರೀಕ್ಷಿಸಬಹುದು.

ಈ ಪರೀಕ್ಷೆಯನ್ನು ಬರಿಯ ಕಛೇರಿಯ ತೊಡಕೆಂದೆಣಿಸುವುದು ತಪ್ಪು. 1999ರಲ್ಲಿ ಅಮೆರಿಕದವರು ಮಂಗಳಗ್ರಹಕ್ಕೆ ಕಳುಹಿಸಿದ್ದ ನೌಕೆಯೊಂದು ನಷ್ಟವಾಯಿತು. ಕಡತವೊಂದರಲ್ಲಿ ಮೆಟ್ರಿಕ್ ಮಾನವಿರಬೇಕೆಂದು ನಿಯಮವಿದ್ದರೂ ಅಂಕಿಗಳು ಪೌಂಡಿನ ಮಾನದಲ್ಲಿದ್ದುವು. ತಪ್ಪನ್ನು ಸಕಾಲದಲ್ಲಿ ತಿದ್ದಲಿಲ್ಲ.

ಆದರೆ ಯಂತ್ರವು ನಮೂನೆಯನ್ನು ನೋಡಬಲ್ಲುದೇ ಹೊರತು ಸತ್ಯವನ್ನು ನೋಡಲಾರದು. ಅಂಗುಲದ ಅಂಕಿಯ ಮುಂದೆ ಮಿಲಿಮೀಟರೆಂದು ಬರೆದಿದ್ದರೂ ಅದು ಒಪ್ಪಿಬಿಡುವುದು. ಆದಕಾರಣ ಮಳೆಮಾಪಕವಿರುವ ಕಡೆ ಗ್ರಾಮದ ಮುಖಂಡರೂ ಜಮೀನುದಾರರೂ ಪ್ರತಿದಿನ ಬೆಳಗ್ಗೆ 8.30 ಘಂಟೆಗೆ ಮಳೆಯನ್ನು ಅಳೆಯಿಸಿ, ಮಾನಸಹಿತವಾಗಿ ಬರೆಯಿಸತಕ್ಕದ್ದು. ಅಳೆಯದ ದಿನಕ್ಕೆ ಸೊನ್ನೆಯನ್ನು ಹಾಕದೆ ‘ಅಳೆದಿಲ್ಲ’ ಎಂದೇ ನಮೂದಿಸತಕ್ಕದ್ದು. ಮೂಲದಲ್ಲಿ ಕೆಟ್ಟ ಲೆಕ್ಕವನ್ನು ನಮೂನೆಯ ಅಂದವು ಸರಿಪಡಿಸಲಾರದು.