ಬ್ರೇಕಿನ ಎಚ್ಚರಿಕೆ ಕನ್ನಡದಲ್ಲಿ ಯಾಕಿಲ್ಲ?

ಹಾನಗಲ್ಲು, ಶಿಗ್ಗಾವಿ, ಸವಣೂರು, ಹಿರೇಕೆರೂರಿನಿಂದ ಬೆಂಗಳೂರಿಗೆ ಬಂದ ಗೆಳೆಯರೇ, ಹಬ್ಬಕ್ಕೆ ಬೈಕಿನಲ್ಲೇ 48ನೇ ಹೆದ್ದಾರಿ ಹಿಡಿಯುತ್ತೀರಿ. ಲಾರಿಯ ಎದುರು ಬ್ರೇಕ್ ಹಿಡಿಯಬೇಕಲ್ಲ!

ರಬ್ಬರ್ ಹೋಸ್ ಒತ್ತಡಕ್ಕೆ ಉಬ್ಬುತ್ತದೆ. ಉಕ್ಕಿನ ಹೆಣಿಗೆಯದು ಅಷ್ಟು ಉಬ್ಬದು. ಮನೆಯಲ್ಲೇ ಹಾಕಿ, ತಪ್ಪೇನಿಲ್ಲ. ಆದರೆ ತಾಮ್ರದ ವಾಷರ್ ಹೊಸದಿರಲಿ. ಗುಳ್ಳೆ ನಿಲ್ಲುವವರೆಗೆ ಏರ್ ತೆಗೆಯಿರಿ. ಉಳಿದರೆ ಲಿವರ್ ಮೆತ್ತಗಾಗುತ್ತದೆ. ಡಾಟ್ 4 ಆಯಿಲ್ ಗಾಳಿಯ ತೇವ ಹೀರುತ್ತದೆ, ಹಳೆಯ ತೆರೆದ ಡಬ್ಬಿ ಬೇಡ. ಸಿಲಿಕೋನಿನ ಡಾಟ್ 5 ಅನ್ನು ಅದಕ್ಕೆ ಬೆರೆಸಲೇಬೇಡಿ.

ಶೋಕಿಗೆ ಕನ್ನಡಿ ಕಿತ್ತೆಸೆಯುವವರ ಮಾತು ಬಿಡಿ. ಬದಲಿಸುವವರಿಗೆ ಒಂದು ಮಾತು: ಹಲವು ಯಮಹಾ ಗಾಡಿಗಳಲ್ಲಿ ಬಲಗನ್ನಡಿಯ ತಿರುಪು ಉಲ್ಟಾ. ಬಲವಂತ ಮಾಡಿದರೆ ಥ್ರೆಡ್ ಹೋಯಿತು.

ಜೀವ ಉಳಿಸುವ ಇಷ್ಟು ಮಾತನ್ನು ಡಬ್ಬಿಯ ಮೇಲೆ ಕನ್ನಡದಲ್ಲಿ ಅಚ್ಚು ಹಾಕಲು ಏನು ಕಷ್ಟ? ನಮ್ಮ ದುಡ್ಡು ಬೇಕು, ನುಡಿ ಬೇಡವೇ? ಕೊಳ್ಳುವಾಗ ಅಂಗಡಿಯಲ್ಲೇ ಕೇಳಿ.