ಹೊಲದ ಲೆಕ್ಕ ಬರೆಯುವ ವಿದ್ಯೆ



ಪಿ.ಯು.ಸಿ. ಫಲಿತಾಂಶ ಬರುವ ಹೊತ್ತಿಗೆ ಪ್ರತಿ ವರ್ಷವೂ ನಮ್ಮ ಮನೆಯ ಪಡಸಾಲೆಯಲ್ಲಿ ಒಂದೇ ಬಗೆಯ ಮಾತು ಕೇಳಿಬರುತ್ತದೆ. ಬಂಧುಗಳು, ಪರಿಚಿತರು ಮಕ್ಕಳ ಅಂಕಪಟ್ಟಿಯನ್ನು ಹಿಡಿದುಕೊಂಡು ಬರುತ್ತಾರೆ. ಇಂಜಿನಿಯರಿಂಗಿಗೆ ಸೇರಿಸೋಣವೇ, ವೈದ್ಯಕೀಯಕ್ಕೆ ಪ್ರಯತ್ನಿಸೋಣವೇ ಎಂದು ಕೇಳುತ್ತಾರೆ. ಬಂದವರಲ್ಲಿ ಹೆಚ್ಚಿನವರು ಒಕ್ಕಲು ಮನೆತನದವರು. ಆದರೆ ಒಕ್ಕಲುತನಕ್ಕೆ ಸಂಬಂಧಪಟ್ಟ ವಿದ್ಯೆಯನ್ನು ಕುರಿತು ಕೇಳುವವರು ತೀರ ವಿರಳ. ‘ನಾವು ಮಣ್ಣಾಗ ದುಡಿದದ್ದ ಸಾಕು, ಹುಡುಗರಾದರೂ ನೆಳ್ಳಾಗ ಇರಲಿ’ ಎಂಬುದು ಅವರ ಮಾತು. ಆ ಮಾತಿನ ಹಿಂದಿರುವ ನೋವನ್ನು ನಾವು ಬಲ್ಲೆವು. ಆದ್ದರಿಂದಲೇ ಈ ತಿಂಗಳು, ಬೆಳೆಯುವುದನ್ನಷ್ಟೇ ಅಲ್ಲದೆ ಬೆಳೆದುದರ ಲೆಕ್ಕವನ್ನೂ ಕಲಿಸುವ ಒಂದು ವಿದ್ಯೆಯನ್ನು ಕುರಿತು, ಅಂದರೆ ಕೃಷಿ ವ್ಯವಹಾರ ನಿರ್ವಹಣೆ ಮತ್ತು ಕೃಷಿ ಅರ್ಥಶಾಸ್ತ್ರವನ್ನು ಕುರಿತು, ನಾಲ್ಕು ಮಾತು ಬರೆಯಬೇಕೆನಿಸಿದೆ.

ಮೊದಲಿಗೆ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಂಡು ಮುಂದುವರಿಯುತ್ತೇವೆ.

ಗದಗ ಸೀಮೆಯ ಎರೆ ಭೂಮಿಯಲ್ಲಿ ಬೇಸಾಯ ಮಾಡಿಕೊಂಡಿರುವ ನಮ್ಮ ತಮ್ಮನಿಗೆ ಒಬ್ಬಳೇ ಮಗಳು. ಆಕೆ ಪಿ.ಯು.ಸಿ. ಮುಗಿಸಿದಾಗ ಇಂಜಿನಿಯರಿಂಗ್ ಸೀಟು ಸುಲಭವಾಗಿ ಸಿಗುವಂತಿರಲಿಲ್ಲ. ಖಾಸಗಿ ಕಾಲೇಜೊಂದರಲ್ಲಿ ಹಣ ಕೊಟ್ಟು ಸೇರಿಸಬೇಕಾಗಿತ್ತು. ತಮ್ಮನು ನಮ್ಮ ಸಲಹೆ ಕೇಳಿದ. ‘ಎರಡು ಎಕರೆ ಮಾರಿಬಿಡು, ಹೊಲದಿಂದ ಬರುವುದಾದರೂ ಏನು?’ ಎಂದು ಹೇಳಿದವರು ನಾವೇ. ಕೊಳ್ಳುವವರೂ ಬಂದಿದ್ದರು, ಮುಂಗಡದ ಮಾತೂ ಆಗಿತ್ತು. ಆಗ ಆ ಹುಡುಗಿ ನಮ್ಮೆದುರಿಗೆ ಬಂದು, ‘ದೊಡ್ಡಪ್ಪಾರ, ಹೊಲದಿಂದ ಏನೂ ಬರೂದಿಲ್ಲ ಅಂತೀರಿ. ಎಷ್ಟು ಬರೂದಿಲ್ಲ ಅಂತ ಯಾರರ ಲೆಕ್ಕಾ ಮಾಡ್ಯಾರೇನ್ರಿ?’ ಎಂದು ಕೇಳಿದಳು. ಉತ್ತರ ಕೊಡಲು ನಮ್ಮಲ್ಲಿ ಏನೂ ಇರಲಿಲ್ಲ. ಮನೆಯಲ್ಲಿ ಮದುವೆಯ ಖರ್ಚಿನ ಪುಸ್ತಕವಿತ್ತು, ಮುಯ್ಯಿ ಬರೆದ ಪಟ್ಟಿಯಿತ್ತು; ಆದರೆ ಹೊಲದ ಲೆಕ್ಕದ ಪುಸ್ತಕ ಇರಲಿಲ್ಲ. ಆಕೆ ಸಿ.ಇ.ಟಿ. ಮೂಲಕ ಕೃಷಿ ವಿಶ್ವವಿದ್ಯಾಲಯವನ್ನು ಸೇರಿ, ಈ ವಿದ್ಯೆಯನ್ನೇ ಆರಿಸಿಕೊಂಡಳು. ಹೊಲ ಉಳಿಯಿತು. ಆಕೆ ಅಲ್ಲಿ ಕಲಿತದ್ದೇನೆಂಬುದನ್ನು ನಾವು ನಿಧಾನವಾಗಿ ತಿಳಿದುಕೊಂಡೆವು.

ಈ ಶಾಸ್ತ್ರಕ್ಕೆ ಆಧುನಿಕ ಹೆಸರು ಬಂದದ್ದು ಅಮೆರಿಕದಲ್ಲಿ. ಹಾರ್ವರ್ಡ್ ವಿಶ್ವವಿದ್ಯಾಲಯದ ಜಾನ್ ಡೇವಿಸ್ ಎಂಬುವರು 1955ರಲ್ಲಿ ‘ಅಗ್ರಿಬಿಸಿನೆಸ್’ ಎಂಬ ಪದವನ್ನು ಬಳಕೆಗೆ ತಂದರು. 1957ರಲ್ಲಿ ಅವರೂ ರೇ ಗೋಲ್ಡ್‌ಬರ್ಗ್ ಅವರೂ ಸೇರಿ ಅದನ್ನು ವಿವರಿಸುವ ಗ್ರಂಥ ಬರೆದರು. ಅವರ ಅಭಿಪ್ರಾಯ ಸರಳವಾದುದು. ಬೇಸಾಯವೆಂದರೆ ಹೊಲದ ಬದುವಿನೊಳಗೆ ನಡೆಯುವ ಕೆಲಸವಷ್ಟೇ ಅಲ್ಲ. ಬೀಜ, ಗೊಬ್ಬರ, ಸಾಲ, ಯಂತ್ರ ಇವು ಹೊಲಕ್ಕಿಂತ ಮುಂಚಿನವು; ಸಂಗ್ರಹಣೆ, ಸಾಗಾಣಿಕೆ, ಸಂಸ್ಕರಣೆ, ಮಾರಾಟ ಇವು ಹೊಲದ ಅನಂತರದವು. ಇವೆಲ್ಲವೂ ಒಂದೇ ಸರಪಳಿಯ ಕೊಂಡಿಗಳು. ಒಂದು ಕೊಂಡಿ ಸಡಿಲವಾದರೂ ಬೆಳೆದವನ ಕೈ ಬರಿದಾಗುತ್ತದೆ.

ಹೆಸರು ಹೊರಗಿನದಾದರೂ ವಿಚಾರ ನಮ್ಮ ನಾಡಿಗೆ ಹೊಸತಲ್ಲ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ, 1905ರಲ್ಲಿ, ಗದಗಿನ ಸಮೀಪದ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಭಾರತದ ಮೊದಲ ಕೃಷಿ ಪತ್ತಿನ ಸಹಕಾರ ಸಂಘವನ್ನು ಸ್ಥಾಪಿಸಿದರು. ಸಾಹುಕಾರನ ಬಡ್ಡಿ ರೈತನನ್ನು ತಿನ್ನುತ್ತಿದ್ದ ಕಾಲದಲ್ಲಿ ಆ ಹಿರಿಯರು ಬಡ್ಡಿಯ ಲೆಕ್ಕವನ್ನು ಅರಿತು, ಊರವರನ್ನು ಕೂಡಿಸಿ, ಅದಕ್ಕೆ ಪರಿಹಾರ ಹುಡುಕಿದರು. ಇಂದು ವಿಶ್ವವಿದ್ಯಾಲಯಗಳಲ್ಲಿ ‘ಕೃಷಿ ಹಣಕಾಸು ಮತ್ತು ಸಹಕಾರ’ ಎಂದು ಪಾಠ ಮಾಡುವುದು ಇದನ್ನೇ ಅಲ್ಲವೇ?

ನಮ್ಮ ರಾಜ್ಯದಲ್ಲಿ 1964ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯವೂ, 1986ರಲ್ಲಿ ಧಾರವಾಡದ ಕೃಷಿ ವಿಶ್ವವಿದ್ಯಾಲಯವೂ ಸ್ಥಾಪನೆಯಾದವು. ಬೆಂಗಳೂರಿನಲ್ಲಿ ಹಿಂದೆ ‘ಕೃಷಿ ಮಾರಾಟ ಮತ್ತು ಸಹಕಾರ’ ಎಂದಿದ್ದ ಪದವಿಗೆ ಈಗ ‘ಕೃಷಿ ವ್ಯವಹಾರ ನಿರ್ವಹಣೆ’ ಎಂಬ ಹೆಸರು. ಧಾರವಾಡದಲ್ಲಿ ಇದೇ ವಿಷಯದ ಎಂ.ಬಿ.ಎ. ವ್ಯಾಸಂಗವಿದೆ. ಹೊರ ರಾಜ್ಯಗಳಿಗೆ ಹೋಗಬಯಸುವವರಿಗೆ ಹೈದರಾಬಾದಿನ ‘ಮ್ಯಾನೇಜ್’ ಸಂಸ್ಥೆ ಇದೆ. ವರ್ಗೀಸ್ ಕುರಿಯನ್ನರು 1979ರಲ್ಲಿ ಗುಜರಾತಿನ ಆಣಂದದಲ್ಲಿ ಕಟ್ಟಿದ ಗ್ರಾಮೀಣ ನಿರ್ವಹಣಾ ಸಂಸ್ಥೆಯೂ ಇದೆ. ಪದವಿ ವ್ಯಾಸಂಗ ನಾಲ್ಕು ವರ್ಷಗಳದು. ಮಣ್ಣು, ಬೆಳೆ, ಕೀಟಗಳ ಪಾಠದೊಡನೆ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಲೆಕ್ಕಪತ್ರ, ಮಾರಾಟ, ಸಹಕಾರ ಇವುಗಳ ಪಾಠವೂ ಇರುತ್ತದೆ.

ಪಾಠದ ಸಾರವೇನೆಂದು ತಿಳಿಯಲು ನಮ್ಮ ಮನೆಯ ಎರಡು ಉದಾಹರಣೆಗಳನ್ನೇ ನೋಡೋಣ.

ಮೊದಲನೆಯದು ಉಳ್ಳಾಗಡ್ಡಿಯ ಬೆಲೆ. ಒಂದು ವರ್ಷ ಬೆಲೆ ಏರಿತೆಂದರೆ ಮರುವರ್ಷ ಊರಿಗೆ ಊರೇ ಉಳ್ಳಾಗಡ್ಡಿ ಬಿತ್ತುತ್ತದೆ. ಎಲ್ಲರ ಮಾಲೂ ಒಟ್ಟಿಗೆ ಪೇಟೆಗೆ ಬಂದು ಬೆಲೆ ಕುಸಿಯುತ್ತದೆ. ಬೇಸತ್ತು ಅದರ ಮುಂದಿನ ವರ್ಷ ಬಿತ್ತನೆ ಕಡಿಮೆ ಮಾಡಿದರೆ ಬೆಲೆ ಮತ್ತೆ ಏರುತ್ತದೆ. ನಾವು ಇದನ್ನು ಹಣೆಬರಹವೆಂದು ತಿಳಿದಿದ್ದೆವು. ಅರ್ಥಶಾಸ್ತ್ರಜ್ಞರು ಇದಕ್ಕೆ ‘ಜೇಡರ ಬಲೆಯ ಸಿದ್ಧಾಂತ’ವೆಂದು ಹೆಸರಿಟ್ಟಿದ್ದಾರೆ. ಬೆಲೆ ಮತ್ತು ಪ್ರಮಾಣದ ಏರಿಳಿತವನ್ನು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರೆ ಅದು ಜೇಡರ ಬಲೆಯಂತೆ ಕಾಣುತ್ತದೆ. 1938ರಲ್ಲಿ ಮಾರ್ಡೆಕಾಯ್ ಎಜಿಕಿಯಲ್ ಎಂಬ ಅಮೆರಿಕದ ಅರ್ಥಶಾಸ್ತ್ರಜ್ಞರು ಇದನ್ನು ವಿಸ್ತಾರವಾಗಿ ನಿರೂಪಿಸಿದರು. ಹೋದ ವರ್ಷದ ಬೆಲೆಯನ್ನು ನೋಡಿ ಈ ವರ್ಷ ಬಿತ್ತುವವನು ಆ ಬಲೆಯಲ್ಲಿ ಸಿಕ್ಕಿಕೊಳ್ಳುತ್ತಾನೆ.

ಇದರ ಜೊತೆಗೆ ಇನ್ನೊಂದು ಸಂಗತಿಯಿದೆ. ಬೆಲೆ ಅರ್ಧಕ್ಕಿಳಿಯಿತೆಂದು ಯಾವ ಗೃಹಿಣಿಯೂ ಸಾರಿಗೆ ಎರಡು ಪಟ್ಟು ಉಳ್ಳಾಗಡ್ಡಿ ಹಾಕುವುದಿಲ್ಲ. ಆದ್ದರಿಂದ ಮಾಲು ಸ್ವಲ್ಪ ಹೆಚ್ಚಾದರೂ ಬೆಲೆ ಬಹಳ ಇಳಿಯುತ್ತದೆ. ಸ್ವಲ್ಪ ಕಡಿಮೆಯಾದರೂ ಬಹಳ ಏರುತ್ತದೆ. ನಮ್ಮ ಮುಂಗಾರಿನ ಉಳ್ಳಾಗಡ್ಡಿಯಲ್ಲಿ ನೀರಿನಂಶ ಹೆಚ್ಚು. ಹಿಂಗಾರಿನ ಗಡ್ಡೆಯಂತೆ ತಿಂಗಳುಗಟ್ಟಲೆ ಇಟ್ಟು ಕಾಯಲು ಬರುವುದಿಲ್ಲ. ಇವುಗಳ ಮೇಲೆ ಸರ್ಕಾರದ ನೀತಿಯೂ ಇದೆ. 2019ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಉಳ್ಳಾಗಡ್ಡಿಯ ರಫ್ತನ್ನು ನಿಷೇಧಿಸಿ, 2020ರ ಮಾರ್ಚಿನಲ್ಲಿ ಅದನ್ನು ತೆರವು ಮಾಡಿ, ಅದೇ ವರ್ಷ ಸೆಪ್ಟೆಂಬರಿನಲ್ಲಿ ಮತ್ತೆ ನಿಷೇಧಿಸಿತು. ಇವೆಲ್ಲವನ್ನೂ ಒಟ್ಟಿಗೆ ಕಾಣುವ ಕಣ್ಣನ್ನು ಈ ವಿದ್ಯೆ ಕೊಡುತ್ತದೆ.

ಎರಡನೆಯ ಉದಾಹರಣೆಯೇ ನಮ್ಮ ಮನಸ್ಸನ್ನು ತಟ್ಟಿದ್ದು.

ಕೊನೆಯ ವರ್ಷದಲ್ಲಿ ಈ ವಿದ್ಯಾರ್ಥಿಗಳು ಕೆಲವು ಕಾಲ ಹಳ್ಳಿಯಲ್ಲಿದ್ದು, ರೈತರ ಮನೆಗಳಿಗೆ ಹೋಗಿ ಅವರ ಖರ್ಚು-ಆದಾಯಗಳನ್ನು ಬರೆದುಕೊಳ್ಳಬೇಕು. ಅದನ್ನು ಮುಗಿಸಿ ರಜೆಗೆ ಬಂದ ಹುಡುಗಿ, ಊರವರ ಲೆಕ್ಕ ಬರೆದೆ, ಇನ್ನು ನಮ್ಮ ಮನೆಯದನ್ನು ಬರೆಯುತ್ತೇನೆಂದು ತಂದೆಯ ಮುಂದೆ ಕುಳಿತಳು. ಒಂದು ಎಕರೆ ಉಳ್ಳಾಗಡ್ಡಿಗೆ ಬೀಜ, ಗೊಬ್ಬರ, ಔಷಧಿ, ಆಳಿನ ಕೂಲಿ, ಚೀಲ, ಲಾರಿ ಬಾಡಿಗೆ ಎಲ್ಲ ಸೇರಿ 40,000 ರೂಪಾಯಿ ಖರ್ಚಾಗಿತ್ತು. ಪೇಟೆಯ ಪಟ್ಟಿಯಂತೆ ಕೈಗೆ ಬಂದದ್ದು 52,000 ರೂಪಾಯಿ. ‘12,000 ಲಾಭ ಆತು’ ಎಂದ ನಮ್ಮ ತಮ್ಮ.

‘ಅವ್ವ ಎಷ್ಟು ದಿನಾ ಹೊಲಕ್ಕ ಹೋಗಿದ್ದಳು ಅಪ್ಪಾ?’ ಎಂದು ಮಗಳು ಕೇಳಿದಳು.

ತಮ್ಮನಿಗೆ ಆ ಪ್ರಶ್ನೆ ಅರ್ಥವಾಗಲಿಲ್ಲ. ಮನೆಯವಳ ದುಡಿತಕ್ಕೆ ಲೆಕ್ಕವೆಲ್ಲಿಯದು? ಕಳೆ ತೆಗೆದದ್ದು, ಗಡ್ಡೆ ಕಿತ್ತದ್ದು, ಸೊಪ್ಪು ಕೊಯ್ದದ್ದು, ಆರಿಸಿ ಚೀಲ ತುಂಬಿದ್ದು ಎಂದು ಎಣಿಸುತ್ತ ಹೋದಾಗ 40 ದಿನಗಳಾದವು. ತಂದೆಯ ದುಡಿತ 30 ದಿನಗಳು. ದಿನಕ್ಕೆ 300 ರೂಪಾಯಿಯಂತೆ ಇಬ್ಬರಿಗೂ ಒಂದೇ ದರ ಹಿಡಿದಳು. ತಾಯಿಯ ಕೂಲಿ 12,000 ರೂಪಾಯಿ. ತಮ್ಮನು ಲಾಭವೆಂದು ತಿಳಿದಿದ್ದ ಹಣ ಪೂರ್ತಿಯಾಗಿ ಆ ತಾಯಿಯ ಕೂಲಿಯೇ ಆಗಿತ್ತು! ತಂದೆಯ ಕೂಲಿ 9,000 ಸೇರಿಸಿದಾಗ ಅಷ್ಟೂ ನಷ್ಟ. ಹೊಲವನ್ನು ಲಾವಣಿಗೆ ಕೊಟ್ಟಿದ್ದರೆ ಬರುತ್ತಿದ್ದ 8,000ವನ್ನೂ ಹಿಡಿದರೆ ಒಟ್ಟು ನಷ್ಟ 17,000 ರೂಪಾಯಿ.

ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಆ ತಾಯಿ, ‘ಇಷ್ಟು ವರ್ಷದಾಗ ನನ್ನ ದುಡಿತ ಯಾರೂ ಬರದಿರಲಿಲ್ಲ ನೋಡವ್ವಾ’ ಎಂದಳು. ನಮ್ಮ ತಮ್ಮ ಬಹಳ ಹೊತ್ತು ಮಾತನಾಡಲಿಲ್ಲ. ನಾವೂ ಮಾತನಾಡಲಿಲ್ಲ. ಕಾಯಕವೇ ಹಿರಿದೆಂದು ಸಭೆಗಳಲ್ಲಿ ಹೇಳುವ ನಾವು, ಮನೆಯ ಹೆಣ್ಣುಮಕ್ಕಳ ಕಾಯಕವನ್ನು ಲೆಕ್ಕದ ಹೊರಗಿಟ್ಟು ಎಷ್ಟು ತಲೆಮಾರುಗಳನ್ನು ಕಳೆದೆವೋ!

ಆಕೆ ಮಾಡಿದ ಲೆಕ್ಕ ಹೊಸ ಕಲ್ಪನೆಯೇನಲ್ಲ. 1965ರಲ್ಲಿ ಸ್ಥಾಪನೆಯಾಗಿ, ಈಗ ‘ಕೃಷಿ ವೆಚ್ಚ ಮತ್ತು ಬೆಲೆಗಳ ಆಯೋಗ’ ಎನಿಸಿಕೊಂಡಿರುವ ಕೇಂದ್ರದ ಸಂಸ್ಥೆ ಬೆಂಬಲ ಬೆಲೆಯ ಶಿಫಾರಸು ಮಾಡುವಾಗ ಇಂಥ ಲೆಕ್ಕಗಳನ್ನೇ ನೋಡುತ್ತದೆ. ಕೈಯಿಂದ ಕೊಟ್ಟ ಖರ್ಚು ಒಂದು. ಅದಕ್ಕೆ ಮನೆಯವರ ದುಡಿಮೆ ಸೇರಿಸಿದ್ದು ಇನ್ನೊಂದು. ಸ್ವಂತ ಭೂಮಿಯ ಗೇಣಿಯನ್ನೂ ಬಂಡವಾಳದ ಬಡ್ಡಿಯನ್ನೂ ಸೇರಿಸಿದ್ದು ಮತ್ತೊಂದು. ಯಾವ ವೆಚ್ಚದ ಮೇಲೆ ಬೆಂಬಲ ಬೆಲೆ ನಿಗದಿಯಾಗಬೇಕೆಂಬುದೇ ರೈತರ ಚಳವಳಿಗಳ ದೊಡ್ಡ ವಾದ. ನಮ್ಮ ರಾಜ್ಯದಲ್ಲಿ 2014ರಲ್ಲಿ ಕೃಷಿ ಬೆಲೆ ಆಯೋಗ ರಚನೆಯಾದಾಗ ಅದರ ಅಧ್ಯಕ್ಷರಾದವರು ಕೃಷಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಪ್ರಕಾಶ್ ಕಮ್ಮರಡಿ ಅವರು. ಮನೆಯಲ್ಲಿ ಲೆಕ್ಕ ಬರೆಯದವನು ಈ ವಾದವನ್ನು ಯಾವ ಆಧಾರದಿಂದ ಮಾಡಬೇಕು?

ಲೆಕ್ಕ ಬರೆದ ಮಾತ್ರಕ್ಕೆ ನಷ್ಟ ತಪ್ಪಲಿಲ್ಲ. ಆದರೆ ನಷ್ಟ ಎಲ್ಲಿದೆಯೆಂಬುದು ಕಂಡಿತು. ಮೂರು ಎಕರೆ ಉಳ್ಳಾಗಡ್ಡಿಯನ್ನು ಒಂದಕ್ಕೆ ಇಳಿಸಿದರು. ಉಳಿದ ಎರಡರಲ್ಲಿ ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ ಹಾಕಿದರು. ಗಡ್ಡೆಗಳನ್ನು ಗಾತ್ರದಂತೆ ಬೇರೆ ಮಾಡಿ, ನೆರೆಯ ನಾಲ್ವರೊಡನೆ ಸೇರಿ ಒಂದೇ ಲಾರಿ ಹೂಡಿ, ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರು ಪೇಟೆಗಳ ದರ ವಿಚಾರಿಸಿ ಕಳಿಸತೊಡಗಿದರು. ಗೊಬ್ಬರದ ವಿಷಯದಲ್ಲಿಯೂ ಹಾಗೆಯೇ. ಮೊದಲ ಚೀಲ ಕೊಡುವಷ್ಟು ಇಳುವರಿಯನ್ನು ಎರಡನೆಯದು ಕೊಡುವುದಿಲ್ಲ, ಮೂರನೆಯದು ಇನ್ನೂ ಕಡಿಮೆ. ಹೆಚ್ಚಿದ ಇಳುವರಿಯ ಬೆಲೆ ಚೀಲದ ಬೆಲೆಗಿಂತ ಕಡಿಮೆಯಾಗುವಲ್ಲಿ ಕೈ ತಡೆಯಬೇಕೆಂದು ಆಕೆ ತಿಳಿಸಿದಳು. ಒಂದು ವರ್ಷ ಮಳೆ ಕೈಕೊಟ್ಟು ಕಡಲೆಯೂ ಹೋಯಿತು. ಯಾವ ಪದವಿಯೂ ಮಳೆ ತರಿಸಲಾರದು. ಆದರೆ ಸಾಲದ ಮೇಲೆ ಸಾಲ ಮಾಡಿ ಕುರುಡಾಗಿ ಬಿತ್ತುವುದು ಆ ಮನೆಯಲ್ಲಿ ನಿಂತಿತು.

ಉದ್ಯೋಗದ ಮಾತನ್ನೂ ಪಾಲಕರು ಕೇಳುತ್ತಾರೆ, ಕೇಳಬೇಕಾದದ್ದೇ. ಬ್ಯಾಂಕುಗಳ ಕೃಷಿ ಅಧಿಕಾರಿ ಹುದ್ದೆಗಳು, 1982ರಲ್ಲಿ ಸ್ಥಾಪನೆಯಾದ ನಬಾರ್ಡ್, ಹಾಲು ಒಕ್ಕೂಟಗಳು, ಬೀಜ-ಗೊಬ್ಬರದ ಕಂಪನಿಗಳು, ಆಹಾರ ಸಂಸ್ಕರಣೆ, ರಫ್ತು ವ್ಯಾಪಾರ ಇವುಗಳಲ್ಲಿ ಅವಕಾಶಗಳಿವೆ. 2002ರ ತಿದ್ದುಪಡಿಯಿಂದ ಕಂಪನಿ ಕಾಯಿದೆಯಲ್ಲಿ ಬೆಳೆಗಾರರೇ ಒಡೆಯರಾಗಿರುವ ಉತ್ಪಾದಕರ ಕಂಪನಿಗಳಿಗೆ ಎಡೆ ದೊರೆಯಿತು. ಅವುಗಳಿಗೆ ಲೆಕ್ಕ, ಮಾರುಕಟ್ಟೆ ಎರಡನ್ನೂ ಬಲ್ಲವರು ಬೇಕು. ನಮ್ಮ ತಮ್ಮನ ಮಗಳು ಈಗ ಅಂಥ ಒಂದು ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದಾಳೆ. ಸಂಬಳ ಬೆಂಗಳೂರಿನ ಕಂಪ್ಯೂಟರ್ ಉದ್ಯೋಗದಷ್ಟಿಲ್ಲವೆಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಊರಿನ ಹಿರಿಯ ಒಕ್ಕಲಿಗರು ಬಿತ್ತುವ ಮೊದಲು ಆಕೆಯ ಮಾತು ಕೇಳಲು ಬರುತ್ತಾರೆ.

ಪಾಲಕರಿಗೆ ನಮ್ಮ ವಿನಂತಿ ಇಷ್ಟೇ. ಮಕ್ಕಳನ್ನು ಒತ್ತಾಯದಿಂದ ಈ ವಿದ್ಯೆಗೆ ಸೇರಿಸಬೇಡಿರಿ. ಅಂಕಗಣಿತಕ್ಕೆ ಬೇಸರಿಸದ, ಹೊಲದ ಮೇಲೆ ಮನಸ್ಸುಳ್ಳ ಮಕ್ಕಳಿದ್ದರೆ ಹಿಂಜರಿಯಲೂ ಬೇಡಿರಿ. ವಿಜ್ಞಾನ ವಿಭಾಗದಲ್ಲಿ ಓದಿದ ರೈತರ ಮಕ್ಕಳಿಗೆ ಕೃಷಿ ಪದವಿಗಳಲ್ಲಿ ಸ್ಥಾನಗಳ ಒಂದು ಭಾಗ ಮೀಸಲಿದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇರುವುದರಿಂದ ಮೊದಲೇ ವಿಚಾರಿಸಿ ಸಿದ್ಧರಾಗಿರಿ. ಹೆಣ್ಣುಮಗಳೆಂದು ಹಿಂದೆ ಸರಿಯಬೇಡಿರಿ. ತಾಯಿಯ ದುಡಿತವನ್ನು ಮೊದಲು ಕಂಡದ್ದು ಮಗಳ ಕಣ್ಣೇ ಎಂಬುದನ್ನು ನಾವು ಪ್ರತ್ಯಕ್ಷ ನೋಡಿದ್ದೇವೆ.

ಮಕ್ಕಳು ಪದವಿ ಮುಗಿಸಿ ಬರುವವರೆಗೆ ಕಾಯಬೇಕಾಗಿಯೂ ಇಲ್ಲ. ಇಂದೇ ಒಂದು ನೂರು ಪುಟದ ಪುಸ್ತಕ ತಂದು, ಬಿತ್ತಿದ ದಿನದಿಂದ ಮಾರಿದ ದಿನದವರೆಗಿನ ಖರ್ಚನ್ನು ಬರೆಯಿರಿ. ಆಳಿನ ಕೂಲಿಯ ಕೆಳಗೆ ಮನೆಯವರ ದಿನಗಳನ್ನೂ ಹೆಸರು ಹಾಕಿ ಬರೆಯಿರಿ. ವರ್ಷದ ಕೊನೆಗೆ ಮನೆಮಂದಿಯೆಲ್ಲ ಕುಳಿತು ಅದನ್ನು ಓದಿರಿ. ಹೊಲ ಮಾರುವ ಮಾತು ಆಮೇಲೆ ಬರಲಿ. ಲೆಕ್ಕ ನೋಡದೆ ಮಾರು ಎಂದು ಸಲಹೆ ಕೊಟ್ಟ ನಮ್ಮ ತಪ್ಪು ನಿಮ್ಮಿಂದ ಆಗದಿರಲೆಂದು ಹಾರೈಸಿ ಈ ತಿಂಗಳ ಬರಹವನ್ನು ಮುಗಿಸುತ್ತೇವೆ.