‘ಮಾರಿದರೆ ಎಷ್ಟು ಸಿಗುತ್ತದೆ?’ ಎಂದು ದಯವಿಟ್ಟು ಕೇಳಬೇಡಿ



ಕಳೆದ ವರ್ಷ ಮಳೆಗಾಲದಲ್ಲಿ ‘ಶನಿವಾರ ಮಧ್ಯಾಹ್ನ ಚರ್ಚ್ ಹಾಲಿನಲ್ಲಿ ಮೊಬೈಲ್ ಮಾಡಲು ಕಲಿಸಲಾಗುವುದು’ ಎಂದು ನಾವು ಪ್ರಕಟಣೆ ಕೊಟ್ಟಾಗ ಮೂವರು ಅಂಕಲ್‌ಗಳು ಕೆಟ್ಟುಹೋದ ಫೋನ್ ಹಿಡಿದುಕೊಂಡು ಬಂದಿದ್ದರು. ತಪ್ಪು ನಮ್ಮದೇ, ಸರಿಯಾಗಿ ಬರೆಯಬೇಕಿತ್ತು. ಅಂದಿನಿಂದ ನಾವು ನಮ್ಮೊಳಗೆ ಅದನ್ನು ‘ತೂಗು ಗೊಂಚಲು’ ಎಂದು ಕರೆಯುತ್ತೇವೆ. ಫೋನ್ ಹಿಡಿದು ಬಂದವರಲ್ಲಿ ಒಬ್ಬರು ಹಾಗೇ ಕೂತು ಸೂಜಿಗೆ ನೂಲು ಪೋಣಿಸಿಕೊಟ್ಟರು ಎಂಬುದನ್ನೂ ಇಲ್ಲಿ ಹೇಳಿಬಿಡುತ್ತೇವೆ.

ನೋಡದವರಿಗಾಗಿ ಎರಡು ಮಾತು. ಫೆಲ್ಟ್ ಎಂಬ ದಪ್ಪ ಬಟ್ಟೆಯನ್ನು ಕತ್ತರಿಸಿ, ಎರಡು ತುಂಡು ಸೇರಿಸಿ ಅಂಚು ಹೊಲಿದು, ಒಳಗೆ ಹತ್ತಿ ತುಂಬಿದರೆ ಅಂಗೈಯಗಲದ ಒಂದು ಗೊಂಬೆ. ಅಂಥ ನಾಲ್ಕೈದು ಗೊಂಬೆಗಳನ್ನು ದಾರದಲ್ಲಿ ಬಿದಿರಿನ ಕಡ್ಡಿಗಳಿಗೆ ತೂಗುಹಾಕಿ, ಕಡ್ಡಿಯ ಕೆಳಗೆ ಕಡ್ಡಿ ಕಟ್ಟಿ, ಇಡೀ ಗೊಂಚಲು ಒಂದೇ ದಾರದಲ್ಲಿ ಮಾಡಿನಿಂದ ಇಳಿದು ನಿಲ್ಲುವಂತೆ ಮಾಡಬೇಕು. ಗಾಳಿ ಬಂದರೆ ಪ್ರತಿಯೊಂದೂ ತನ್ನಷ್ಟಕ್ಕೆ ತಿರುಗುತ್ತದೆ. ಇದು ಪರದೇಶದಿಂದ ಬಂದ ಹುಚ್ಚು ಎಂದು ಕೆಲವರು ಹೇಳಿದರು. ಹಳೇ ಸೀರೆಯ ತುಂಡಿನಲ್ಲಿ ಹತ್ತಿ ತುಂಬಿ ಗಿಳಿ ಹೊಲಿದು ತೊಟ್ಟಿಲ ಮೇಲೆ ಕಟ್ಟುತ್ತಿದ್ದ ಅಜ್ಜಿಯಂದಿರನ್ನು ಅವರು ಮರೆತಿರಬೇಕು.

ಈ ಬರಹ ಮಾತ್ರ ಕಲಿಸುವುದಕ್ಕಾಗಿ ಅಲ್ಲ. ಒಂದು ಪ್ರಶ್ನೆಯ ಮೇಲಿನ ಸಿಟ್ಟಿನಿಂದ ಬರೆಯುತ್ತಿದ್ದೇವೆ. ಯಾವ ಗೊಂಚಲು ಎತ್ತಿ ತೋರಿಸಿದರೂ ಬರುವ ಮೊದಲ ಮಾತು: ‘ಚಂದ ಉಂಟು. ಮಾರಿದರೆ ಎಷ್ಟು ಸಿಗುತ್ತದೆ?’

ಕೇಳುವವರು ಒಳ್ಳೆಯ ಮನಸ್ಸಿನಿಂದಲೇ ಕೇಳುತ್ತಾರೆ. ನಮ್ಮ ಅಮ್ಮಂದಿರೇ ಕೇಳಿದ್ದಾರೆ. ಆದರೆ ಆ ಒಂದು ಪ್ರಶ್ನೆ ನಮ್ಮ ಶನಿವಾರಗಳನ್ನು ಹೇಗೆ ಹಾಳುಮಾಡಿತು ಎಂದು ಹೇಳಲೇಬೇಕು. ಹಾಳುಮಾಡಿದವರಲ್ಲಿ ನಾವೂ ಇದ್ದೇವೆ.

ಮೊದಲ ಎರಡು ತಿಂಗಳು ಹದಿನೆಂಟು ಮಂದಿ ಬರುತ್ತಿದ್ದರು. ಹಾಲಿನಲ್ಲಿ ಕೊಂಕಣಿ, ತುಳು, ಮಲಯಾಳ, ಕನ್ನಡ ಎಲ್ಲ ಒಟ್ಟಿಗೆ. ಏನು ಮಾಡಬೇಕೆಂದು ನಾವು ಯಾರಿಗೂ ಹೇಳಲಿಲ್ಲ. ಎಂಟನೇ ಕ್ಲಾಸಿನ ಒಬ್ಬ ಹುಡುಗ ಕೊಡೆ ಹಿಡಿದ ಬಂಗುಡೆ ಮೀನು ಮಾಡಿದ. ಕಿಟಕಿಯಿಂದ ಇಣುಕಿದ ಆಂಟಿಯೊಬ್ಬರು ‘ಎಂತ ಮಾರಾಯಾ ಇದು, ಮೀನಿಗೆ ಕೊಡೆ ಎಂತಕ್ಕೆ?’ ಎಂದು ಕೇಳಿದರು. ಅವನು ತಲೆ ಎತ್ತದೆ, ‘ಹೊರಗೆ ಮಳೆ ಅಲ್ವಾ ಆಂಟಿ’ ಎಂದ. ಒಬ್ಬಳು ಅಜ್ಜಿಯ ಅಡಕತ್ತರಿಗೆ ರೆಕ್ಕೆ ಹೊಲಿದು ಹಕ್ಕಿ ಮಾಡಿದಳು. ರೆಕ್ಕೆ ಬಂದ ಹಲಸಿನ ಹಣ್ಣು, ನಾಲ್ಕು ಕಾಲಿನ ಆಟೋರಿಕ್ಷಾ, ಚಪ್ಪಲಿ ಹಾಕಿದ ಏಡಿ. ಏಡಿಗೆ ಎಷ್ಟು ಚಪ್ಪಲಿ ಬೇಕು ಎಂಬ ಚರ್ಚೆ ಒಂದು ಶನಿವಾರ ಪೂರ್ತಿ ನಡೆಯಿತು. ಕೊಂಬುಗಳನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂಬುದು ಇಂದಿಗೂ ತೀರ್ಮಾನವಾಗಿಲ್ಲ.

ಅಷ್ಟರಲ್ಲಿ ವಾರ್ಷಿಕ ಹಬ್ಬದ ಸ್ಟಾಲಿನ ಮಾತು ಬಂತು. ಹಾಲಿನ ಮಾಡು ಸೋರುತ್ತಿತ್ತು, ಹಣ ಬೇಕಿತ್ತು. ‘ನಿಮ್ಮ ಮಕ್ಕಳು ಹೇಗೂ ಮಾಡ್ತಾರಲ್ಲ, ನಲ್ವತ್ತು ಪೀಸ್ ಮಾಡಿಕೊಡಿ’ ಎಂದು ಹಿರಿಯರೊಬ್ಬರು ಹೇಳಿದರು. ನಾವು ತಲೆಯಾಡಿಸಿದೆವು. ಸ್ಟಾಲಿನಲ್ಲಿ ಕೊಡೆ ಹಿಡಿದ ಬಂಗುಡೆಯನ್ನು ಯಾರು ಕೊಳ್ಳುತ್ತಾರೆ? ಆದ್ದರಿಂದ ನಕ್ಷತ್ರ, ಗಂಟೆ, ದೇವದೂತ, ಅಷ್ಟೇ ಎಂದು ನಿಶ್ಚಯಿಸಿದೆವು. ಎಲ್ಲ ಒಂದೇ ಅಳತೆ. ರಟ್ಟಿನ ಅಚ್ಚು ಕತ್ತರಿಸಿಕೊಟ್ಟೆವು. ಒಬ್ಬರು ಕತ್ತರಿಸುವುದು, ಒಬ್ಬರು ಹೊಲಿಯುವುದು, ಒಬ್ಬರು ಹತ್ತಿ ತುಂಬುವುದು. ಹೊಲಿಗೆ ವಕ್ರವಾದರೆ ಬಿಚ್ಚಿಸಿದೆವು. ಬಿಚ್ಚಿಸಿದ್ದು ನಾವೇ, ಬೇರೆ ಯಾರೂ ಅಲ್ಲ.

ಹದಿನೆಂಟು ಮಂದಿ ಇದ್ದದ್ದು ಹಬ್ಬದ ಹೊತ್ತಿಗೆ ಆರಾಯಿತು. ಬಂಗುಡೆಯ ಹುಡುಗ ಮೂರನೇ ವಾರವೇ ನಿಂತ. ದಾರಿಯಲ್ಲಿ ಸಿಕ್ಕಾಗ ಕೇಳಿದೆವು. ‘ನೀವು ನಕ್ಷತ್ರ ಮಾತ್ರ ಮಾಡ್ಲಿಕ್ಕೆ ಹೇಳ್ತೀರಲ್ಲ’ ಎಂದ. ನಮಗೆ ಉತ್ತರ ಇರಲಿಲ್ಲ.

ಈಗ ಲೆಕ್ಕ ನೋಡಿ. ನಲವತ್ತರಲ್ಲಿ ಮೂವತ್ತೊಂದು ಮಾರಾಟವಾದವು. ಒಂದಕ್ಕೆ 200 ರೂಪಾಯಿಯಂತೆ 6,200. ಫೆಲ್ಟ್, ನೂಲು, ಹತ್ತಿ, ಕಡ್ಡಿ ಸೇರಿ ಒಂದಕ್ಕೆ 90 ರೂಪಾಯಿ ಖರ್ಚು, ನಲವತ್ತಕ್ಕೆ 3,600. ಉಳಿದದ್ದು 2,600. ಒಂದು ಗೊಂಚಲಿಗೆ ಕಡಿಮೆಯೆಂದರೂ ಆರು ಗಂಟೆ ಹಿಡಿದಿದೆ, ಒಟ್ಟು 240 ಗಂಟೆ. ಗಂಟೆಗೆ ಹನ್ನೊಂದು ರೂಪಾಯಿಯೂ ಬೀಳಲಿಲ್ಲ. ಮಾಡು ಈಗಲೂ ಸೋರುತ್ತದೆ.

ನಮ್ಮ ವಾರ್ಡಿನಲ್ಲಿ ಹೊಲಿಗೆಯಿಂದಲೇ ಮನೆ ನಡೆಸುವ ಒಬ್ಬ ಅಕ್ಕ ಇದ್ದಾರೆ. ಅವರು ಸ್ಟಾಲಿನಲ್ಲಿ ಒಂದು ಗೊಂಚಲನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ ಹೇಳಿದ್ದು: ‘ಇಷ್ಟು ಕೈಕೆಲಸಕ್ಕೆ ಇನ್ನೂರು ರೂಪಾಯಿ ಅಂತ ನೀವು ಬರೆದಿಟ್ಟರೆ, ನಾಳೆ ನನ್ನ ಹತ್ತಿರ ಬರುವವರು ಇದನ್ನೇ ತೋರಿಸಿ ಚರ್ಚೆ ಮಾಡ್ತಾರೆ.’ ಆ ಮಾತು ಕೇಳಿ ನಾಚಿಕೆಯಾಯಿತು. ಕೈಕೆಲಸಕ್ಕೆ ಬೆಲೆ ಬರಲಿ ಎಂದುಕೊಂಡು ಹೊರಟವರು ನಾವು. ಕೈಕೆಲಸ ಅಗ್ಗ ಎಂದು ಬೋರ್ಡ್ ಹಾಕಿ ಬಂದಂತಾಯಿತು.

ಹಾಗಾದರೆ ಹಣದ ಅಗತ್ಯ ಇರುವವರು ಮಾರಬಾರದೇ? ಖಂಡಿತ ಮಾರಬೇಕು. ಸರಿಯಾದ ಕೂಲಿ ಹಿಡಿದು, ಚೌಕಾಸಿಗೆ ಬಗ್ಗದೆ ಮಾರಬೇಕು. ಅದು ಕಸುಬು. ಕಸುಬನ್ನು ಕಸುಬಿನಂತೆ ಮಾಡುವವರ ಮೇಲೆ ನಮಗೆ ಗೌರವವೇ ಇದೆ. ನಮ್ಮ ತಕರಾರು ಇಷ್ಟೇ: ಎಂಟನೇ ಕ್ಲಾಸಿನ ಮಕ್ಕಳ ಶನಿವಾರ ಮಧ್ಯಾಹ್ನವನ್ನು ಕಸುಬು ಮಾಡಬೇಡಿ. ಅಡುಗೆ ಚೆನ್ನಾಗಿ ಮಾಡಿದರೆ ಹೋಟೆಲ್ ಇಡು, ಹಾಡಿದರೆ ರಿಯಾಲಿಟಿ ಶೋಗೆ ಹೋಗು, ಹೊಲಿದರೆ ಮಾರು. ಸುಮ್ಮನೆ ಮಾಡುವುದಕ್ಕೆ ನಮ್ಮಲ್ಲಿ ಜಾಗವೇ ಇಲ್ಲದಂತಾಗಿದೆ. ಸ್ಪರ್ಧೆಯೂ ಇದೇ ಸಂಸಾರದ್ದು. ‘ಒಂದು ಕಾಂಪಿಟೀಷನ್ ಇಡಿ, ಫಸ್ಟ್ ಪ್ರೈಜ್ ನಾವು ಕೊಡ್ತೇವೆ’ ಎಂದವರಿಗೆ ಧನ್ಯವಾದ. ಕೊಡೆ ಹಿಡಿದ ಬಂಗುಡೆಗೂ ಕಾಲು ಬಂದ ಆಟೋರಿಕ್ಷಾಕ್ಕೂ ಮಾರ್ಕು ಹಾಕುವ ತೀರ್ಪುಗಾರರು ಎಲ್ಲಿ ಸಿಗುತ್ತಾರೆ?

‘ಅದರ ಬದಲು ಪಿಎಸ್‌ಸಿಗೆ ಓದಬಾರದಾ’ ಎನ್ನುವವರು ಇನ್ನೊಂದು ಗುಂಪು. ಓದುತ್ತಿದ್ದೇವೆ. ನಮ್ಮಲ್ಲಿ ಅರ್ಧ ಮಂದಿ ರ‍್ಯಾಂಕ್ ಫೈಲ್ ಹಿಡಿದುಕೊಂಡೇ ಹಾಲಿಗೆ ಬರುವವರು. ಆದರೆ ಒಂದು ವಿಷಯ ಹೇಳಿಕೊಳ್ಳಬೇಕು. ಬಿಎಸ್ಸಿಯಲ್ಲಿ ಮೂರು ವರ್ಷ ಭೌತಶಾಸ್ತ್ರ ಓದಿ, ಸನ್ನೆಕೋಲಿನ ನಿಯಮ ಬರೆದು ಮಾರ್ಕು ತೆಗೆದುಕೊಂಡವರು ನಾವು. ಅದು ಕೈಗೆ ಹತ್ತಿದ್ದು ಈ ಹಾಲಿನಲ್ಲಿ. 30 ಸೆಂಟಿಮೀಟರ್ ಕಡ್ಡಿಯ ಒಂದು ತುದಿಗೆ 10 ಗ್ರಾಂ ಆನೆ, ಇನ್ನೊಂದು ತುದಿಗೆ 5 ಗ್ರಾಂ ಇಲಿ. ದಾರ ಎಲ್ಲಿ ಕಟ್ಟಬೇಕು? ಆನೆಯಿಂದ 10 ಸೆಂಟಿಮೀಟರ್, ಇಲಿಯಿಂದ 20. ಎರಡೂ ಕಡೆ ತೂಕವನ್ನು ದೂರದಿಂದ ಗುಣಿಸಿದರೆ ನೂರು. ಕಟ್ಟಿ ನೋಡಿದರೆ ಇಲಿಯ ಕಡೆ ಸ್ವಲ್ಪ ವಾಲುತ್ತದೆ, ಏಕೆಂದರೆ ಕಡ್ಡಿಗೂ ತೂಕ ಇದೆ ಎಂಬುದನ್ನು ನಾವು ಮರೆತಿದ್ದೆವು. ಕಡೆಗೆ ಕಡ್ಡಿಯನ್ನು ತೋರುಬೆರಳ ಮೇಲಿಟ್ಟು, ಆಚೀಚೆ ಸರಿಸಿ, ನಿಂತ ಜಾಗದಲ್ಲಿ ಗಂಟು ಹಾಕುವುದೇ ಸರಿ. ಮತ್ತೆ, ಕಟ್ಟುವುದು ಯಾವಾಗಲೂ ಕೆಳಗಿನ ಕಡ್ಡಿಯಿಂದ ಮೇಲಕ್ಕೆ. ಮೇಲಿನಿಂದ ಶುರುಮಾಡಿದರೆ ಪ್ರತಿ ಸಲವೂ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ. ಇದನ್ನು ಆರನೇ ಕ್ಲಾಸಿನ ಹುಡುಗಿಯೊಬ್ಬಳು ನಮಗಿಂತ ಮೊದಲು ಕಂಡುಕೊಂಡಳು.

ಈ ತೂಗುವ ಕಲೆಗೆ ‘ಮೊಬೈಲ್’ ಎಂಬ ಹೆಸರು ಬಂದದ್ದು 1931ರಲ್ಲಿ. ಅಮೆರಿಕದ ಶಿಲ್ಪಿ ಅಲೆಕ್ಸಾಂಡರ್ ಕಾಲ್ಡರ್ ಅವರ ಚಲಿಸುವ ಕೃತಿಗಳನ್ನು ನೋಡಿ ಮಾರ್ಸೆಲ್ ದುಶಾಂ ಆ ಹೆಸರಿಟ್ಟರು. ಕಾಲ್ಡರ್ ಓದಿದ್ದು ಮೆಕ್ಯಾನಿಕಲ್ ಎಂಜಿನಿಯರಿಂಗ್, ಪದವಿ ಪಡೆದದ್ದು 1919ರಲ್ಲಿ. ಆಮೇಲೆ ಪ್ಯಾರಿಸ್ಸಿನಲ್ಲಿ ಕೂತು ತಂತಿ, ಬಟ್ಟೆ, ಬಿರಡೆ ಮುಂತಾದವುಗಳಿಂದ ಒಂದು ಪುಟಾಣಿ ಸರ್ಕಸ್ ಕಟ್ಟಿದರು. ಸ್ನೇಹಿತರನ್ನು ಕರೆದು, ತಾವೇ ಆ ಗೊಂಬೆಗಳನ್ನು ಕುಣಿಸಿ ತೋರಿಸುತ್ತಿದ್ದರು. ಎಂಜಿನಿಯರಿಂಗ್ ಓದಿದ ದೊಡ್ಡ ಗಂಡಸು ನೆಲದ ಮೇಲೆ ಕೂತು ಸಿಂಹದ ಗೊಂಬೆ ಆಡಿಸುವುದನ್ನು ನಮ್ಮ ಊರಿನವರು ನೋಡಿದ್ದರೆ ಏನು ಕೇಳುತ್ತಿದ್ದರು ಎಂದು ನಿಮಗೂ ಗೊತ್ತು. ಮುಂದೆ ಅವರ ಕೃತಿಗಳಿಗೆ ಭಾರೀ ಬೆಲೆ ಬಂತು, ನಿಜ. 1955ರಲ್ಲಿ ಅಹಮದಾಬಾದಿಗೂ ಬಂದು, ಸಾರಾಭಾಯಿ ಕುಟುಂಬದ ಅತಿಥಿಯಾಗಿದ್ದು ಕೆಲಸ ಮಾಡಿ ಹೋದರು. ಆದರೂ ಆ ಸರ್ಕಸ್ಸಿನ ಆಟ ಮೊದಲು, ಹೆಸರು ಆಮೇಲೆ.

‘ಹುಡುಗರಿಗೆ ಸೂಜಿ ಎಂತಕ್ಕೆ’ ಎಂಬ ಮಾತಿಗೆ ಹೆಚ್ಚು ಜಾಗ ಕೊಡುವುದಿಲ್ಲ. ಹಾಗೆ ಕೇಳಿದವರ ಪ್ಯಾಂಟ್ ಹೊಲಿದದ್ದು ಪೇಟೆಯ ಗಂಡಸು ಟೈಲರ್.

ಒಂದು ಟೀಕೆ ಮಾತ್ರ ನ್ಯಾಯವಾದದ್ದು. ಫ್ಯಾನ್ಸಿ ಅಂಗಡಿಯ ಫೆಲ್ಟ್ ಹಾಳೆ ಹೆಚ್ಚಾಗಿ ಪಾಲಿಯೆಸ್ಟರ್, ಅಂದರೆ ಪ್ಲಾಸ್ಟಿಕ್. ನಿಜವಾದ ಫೆಲ್ಟ್ ಉಣ್ಣೆಯದು. ಅದಕ್ಕೆ ಹಾಸೂ ಇಲ್ಲ, ಹೊಕ್ಕೂ ಇಲ್ಲ. ಉಣ್ಣೆಯ ಎಳೆಯ ಮೇಲೆ ಸೂಕ್ಷ್ಮ ಪೊರೆಗಳಿರುತ್ತವೆ. ಬಿಸಿನೀರು, ಸಾಬೂನು ಹಾಕಿ ತಿಕ್ಕಿದರೆ ಎಳೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲಾಗದಂತೆ ಕೂಡುತ್ತವೆ. ಕಾಶ್ಮೀರದ ನಮ್ದಾ ಹಾಸು ಹೀಗೆಯೇ ಆಗುವುದು. ನೇಯ್ಗೆ ಇಲ್ಲದ್ದರಿಂದಲೇ ಕತ್ತರಿಸಿದ ಅಂಚು ಎಳೆ ಬಿಡುವುದಿಲ್ಲ, ಮಡಚಿ ಹೊಲಿಯಬೇಕಾಗಿಲ್ಲ, ಹೊಸಬರಿಗೆ ಸುಲಭ. ಕಾಸರಗೋಡಿನ ಸೆಕೆಯಲ್ಲಿ ಉಣ್ಣೆ ಎಲ್ಲಿಂದ ತರುವುದು ಎಂದು ಯೋಚಿಸುತ್ತಿದ್ದಾಗ ಐರ್ಲೆಂಡಿನಿಂದ ರಜೆಗೆ ಬಂದ ನರ್ಸ್ ಅಕ್ಕನ ಮನೆಯಲ್ಲಿ ಅವರ ಉಣ್ಣೆಯ ಸ್ವೆಟರನ್ನು ಯಾರೋ ಬಿಸಿನೀರಿನಲ್ಲಿ ಒಗೆದುಬಿಟ್ಟರು. ಅದು ಕುಗ್ಗಿ ಮಗುವಿನ ಅಳತೆಗೆ ಬಂತು. ಅಕ್ಕನಿಗೆ ದುಃಖ, ನಮಗೆ ಒಂದೂವರೆ ಗೊಂಚಲಿಗೆ ಆಗುವಷ್ಟು ಒಳ್ಳೆಯ ಫೆಲ್ಟ್.

ಮೇಲೆ ಹೇಳಿದ ಆನೆ ಅದೇ ಸ್ವೆಟರಿನದು. ಇಲಿ ಅಂಗಡಿಯ ಪಾಲಿಯೆಸ್ಟರ್. ಫೆಬ್ರವರಿಯಲ್ಲಿ ಕಟ್ಟಿದಾಗ ಕಡ್ಡಿ ನೆಟ್ಟಗಿತ್ತು. ಜೂನ್ ಮಳೆ ಶುರುವಾದ ಮೇಲೆ ಆನೆ ದಿನದಿಂದ ದಿನಕ್ಕೆ ಕೆಳಗಿಳಿಯಿತು. ಉಣ್ಣೆ ತನ್ನ ತೂಕದ ಸುಮಾರು ಶೇ. 30ರಷ್ಟು ತೇವ ಹೀರಿಕೊಂಡರೂ ಮುಟ್ಟಿದರೆ ಒದ್ದೆ ಅನಿಸುವುದಿಲ್ಲ. ಪಾಲಿಯೆಸ್ಟರ್ ಹೀರುವುದೇ ಇಲ್ಲವೆನ್ನಬೇಕು. ಕಟ್ಟಿದ ಹುಡುಗಿಗೆ ಸರಿಮಾಡಿಕೊಡೋಣವೇ ಎಂದು ಕೇಳಿದರೆ, ‘ಬೇಡ, ಮಳೆ ಎಷ್ಟು ಬಂತು ಅಂತ ಅದು ಹೇಳ್ತದೆ’ ಎಂದಳು. ಈ ಗೊಂಚಲನ್ನು ಯಾರಿಗೆ, ಎಷ್ಟಕ್ಕೆ ಮಾರುತ್ತೀರಿ ಹೇಳಿ.

ಈ ಸಲದ ಹಬ್ಬಕ್ಕೆ ನಾವು ಗೊಂಚಲು ಕೊಡುವುದಿಲ್ಲ ಎಂದು ಹಿರಿಯರಿಗೆ ತಿಳಿಸಿಯಾಗಿದೆ. ಮಾಡಿನ ಖರ್ಚಿಗೆ ಬೇರೆ ದಾರಿ ಹುಡುಕೋಣ, ಓಡಾಟಕ್ಕೆ ನಾವು ತಯಾರು. ಕೆಲವರಿಗೆ ಬೇಸರವಾಗಿದೆ, ಅದೂ ಗೊತ್ತು. ತೊಟ್ಟಿಲಿಗೆ ಒಂದು ಗೊಂಚಲು ಬೇಕು ಎಂದು ಕೇಳಿದ ಇಬ್ಬರು ತಾಯಂದಿರಿಗೆ ಹೇಳಿದ್ದೇವೆ: ಶನಿವಾರ ಬನ್ನಿ, ಸೂಜಿ, ನೂಲು, ಕತ್ತರಿ ನಾವು ಕೊಡುತ್ತೇವೆ, ನೀವೇ ಮಾಡಿ. ಮಣಿ, ಗುಂಡಿ ಹೊಲಿಯಬೇಡಿ, ಮಗುವಿನ ಕೈಗೆಟುಕದಷ್ಟು ಎತ್ತರದಲ್ಲಿ ಕಟ್ಟಿ, ಮಗು ಐದು ತಿಂಗಳಾಗಿ ಎದ್ದು ಕೂರಲು ನೋಡುವ ಹೊತ್ತಿಗೆ ತೊಟ್ಟಿಲಿನಿಂದ ತೆಗೆದು ಕಿಟಕಿಗೆ ಹಾಕಿ.

ಹೊತ್ತು ಮಧ್ಯಾಹ್ನ ಮೂರು ಗಂಟೆ. ನಕ್ಷತ್ರದ ರಟ್ಟಿನ ಅಚ್ಚುಗಳನ್ನು ಒಲೆಗೆ ಹಾಕಿದ್ದೇವೆ. ಹೋದ ವಾರ ಹತ್ತು ಮಂದಿ ಬಂದಿದ್ದರು. ಬಂಗುಡೆಯ ಹುಡುಗ ಇನ್ನೂ ಬಂದಿಲ್ಲ. ಅವನ ಮೀನು ಹಾಲಿನ ಮೂರನೇ ಫ್ಯಾನಿನ ಹತ್ತಿರ, ಕಿಟಕಿಯ ಪಕ್ಕ ಇದೆ, ಕೊಡೆ ಸಮೇತ. ಅವನ ಮನೆಯವರು ಇದನ್ನು ಓದುತ್ತಿದ್ದರೆ ದಯವಿಟ್ಟು ಅವನಿಗೆ ಹೇಳಿ.